ನನ್ನ ಹೆಗಲು ನನಗೇ ಹೇಳಿದ ಸುಳ್ಳು

ಮಲ್ಲೇಶ್ವರದಲ್ಲಿ 20 ವರ್ಷಗಳಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಹೆಗಲು ಹಿಡಿದುಕೊಂಡು ಬಂದವರಿಗೆಲ್ಲ ಪಾಠ ಹೇಳಿದವಳು. ಹೋದ ವರ್ಷ ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಲು ಹೋದರೆ ಎಡಗೈ ಕಿವಿಯ ಮಟ್ಟ ದಾಟಲಿಲ್ಲ. ವಯಸ್ಸು 48, ಜೊತೆಗೆ ಸಕ್ಕರೆ ಕಾಯಿಲೆ. ಹೆಗಲು ಬಿಗಿದು ಹಿಡಿದುಕೊಳ್ಳುವ ಫ್ರೋಜನ್ ಶೋಲ್ಡರ್‌ಗೆ ಇನ್ನೇನು ಬೇಕು?

ದೇಹದಲ್ಲಿ ಹೆಗಲಿನಷ್ಟು ಓಡಾಟವಿರುವ ಕೀಲು ಬೇರೊಂದಿಲ್ಲ. ಸೊಂಟದಲ್ಲಿ ತೊಡೆಮೂಳೆಯ ಗುಂಡು ಆಳದ ಬಟ್ಟಲಿನೊಳಗೆ ಕೂತಿದ್ದರೆ, ಇಲ್ಲಿ ತೋಳಿನ ಗುಂಡಿಗೆ ಸಿಕ್ಕಿರುವುದು ಚಪ್ಪಟೆ ತಟ್ಟೆಯಂಥ ಗುಳಿ. ಸುತ್ತಲಿನ ಕೀಲುಚೀಲ ಕಂಕುಳಿನ ಕಡೆ ನೆರಿಗೆಯಾಗಿ ಜೋತಿರುತ್ತದೆ. ಕೈ ಎತ್ತಿದಾಗ ಆ ನೆರಿಗೆ ಬಿಚ್ಚಿಕೊಳ್ಳಬೇಕು. ನನ್ನಲ್ಲಿ ಚೀಲವೇ ದಪ್ಪಗಾಗಿ ಬಿಗಿದುಕೊಂಡಿತ್ತು.

ರಾತ್ರಿ ನಿದ್ದೆ ಕೆಡಿಸುವಷ್ಟು ನೋವಿದ್ದ ತಿಂಗಳುಗಳಲ್ಲಿ ಎಳೆದಾಡಲಿಲ್ಲ; ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಿಸಿದೆ, ಅಷ್ಟೆ. ಆಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸಲು ಶುರುಮಾಡಿ, ತಲುಪಿದಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತಾ ಹೋದೆ. ಆರು ವಾರದಲ್ಲಿ ಗೆರೆ ಒಂದು ಗೇಣು ಏರಿತು. ಬೀಗಿದೆ.

ಹಿಂದೆ ನಿಂತಿದ್ದ ಮಗಳು, “ಅಮ್ಮಾ, ಕೈ ಏಳುವ ಮೊದಲೇ ಬೆನ್ನಿನ ರೆಕ್ಕೆ ಏಳುತ್ತಿದೆಯಲ್ಲ!” ಎಂದಳು.

ನಾಚಿಕೆಯಾಯಿತು. ಕೈಯನ್ನು ಪೂರ್ತಿ 180 ಡಿಗ್ರಿ ಎತ್ತುವಾಗ ಸುಮಾರು 120 ಡಿಗ್ರಿ ಹೆಗಲ ಕೀಲಿನದು, ಉಳಿದ 60 ಬೆನ್ನ ಮೇಲೆ ಜಾರುವ ರೆಕ್ಕೆಮೂಳೆಯದು. ಕೀಲು ಸೋತರೆ ರೆಕ್ಕೆಮೂಳೆ ಹೆಚ್ಚು ದುಡಿದು ಕೊರತೆಯನ್ನು ಮುಚ್ಚಿಬಿಡುತ್ತದೆ. ರೋಗಿಗಳಲ್ಲಿ ದಿನವೂ ಹಿಡಿಯುವ ಕಳ್ಳತನ! ಮಗಳಿಗೆ ರೆಕ್ಕೆಮೂಳೆಯನ್ನು ಅಂಗೈಯಿಂದ ಒತ್ತಿಹಿಡಿಯಲು ಹೇಳಿ ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ನೋಡಿದರೆ ಕೈ ಎದ್ದದ್ದು 60 ಡಿಗ್ರಿ ಮಾತ್ರ.

ಗೋಡೆಯನ್ನು ಬಿಟ್ಟೆ. ಬಿಸಿನೀರಿನ ಚೀಲದ ಶಾಖ ಕೊಟ್ಟು ಅಂಗಾತ ಮಲಗುತ್ತಿದ್ದೆ. ಮೈಭಾರಕ್ಕೆ ರೆಕ್ಕೆಮೂಳೆ ಅಷ್ಟಾಗಿ ಜಾರುವುದಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಮಡಿಸಿದ ಟವೆಲ್ ಇಟ್ಟು, ಬಲಗೈಯಲ್ಲಿ ಹಿಡಿದ ಕೊಡೆಯಿಂದ ಎಡ ಮುಂಗೈಯನ್ನು ಹೊರಕ್ಕೆ ತಳ್ಳುವುದು. ಈ ಕಾಯಿಲೆಯಲ್ಲಿ ಮೊದಲು ಕಳೆದುಹೋಗುವುದು ಹೊರಕ್ಕೆ ತಿರುಗುವ ಆ ಚಲನೆಯೇ. 15 ಡಿಗ್ರಿಯಿಂದ ಶುರುವಾಗಿ ಹತ್ತು ತಿಂಗಳಿಗೆ 60ಕ್ಕೆ ಬಂತು. ಅದು ಬಂದಂತೆ ಕೈ ತಾನಾಗಿ ಮೇಲೇರಿತು. ಈಗ ಬಸ್ಸಿನ ಸರಳು ಸಿಗುತ್ತದೆ.

ಬೆನ್ನ ಹಿಂದೆ ಮಾತ್ರ ಕೈ ಇನ್ನೂ ಸರಿಯಾಗಿ ಹೋಗುವುದಿಲ್ಲ. ರವಿಕೆಯ ಕೊಕ್ಕೆಗಳನ್ನು ಮುಂದೆಯೇ ಇಡಲು ದರ್ಜಿಗೆ ಹೇಳಿದ್ದೇನೆ.