ವೆನಿಲ್ಲಾ ಕೋಡಿಗೆ ಬಿಸಿಲು ಸ್ವಲ್ಪ, ಕಂಬಳಿ ಹೆಚ್ಚು

ವೆನಿಲ್ಲಾ ಕೋಡನ್ನು ಬಳ್ಳಿಯಿಂದ ಕೊಯ್ದು ಮೂಸಿ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಪರಿಮಳವೇ ಇಲ್ಲವಲ್ಲ?" ಹಸಿ ಕೋಡಿಗೆ ಪರಿಮಳ ಇರುವುದಿಲ್ಲ. ಅದು ಕೊಯ್ಲಾದ ಮೇಲೆ, ನಮ್ಮ ಮನೆಯೊಳಗೆ, ನಾಲ್ಕೈದು ತಿಂಗಳಲ್ಲಿ ನಿಧಾನವಾಗಿ ಹುಟ್ಟಬೇಕು. ಈ ನಾಲ್ಕೈದು ತಿಂಗಳ ಕೆಲಸ ಕಷ್ಟದ್ದೆಂದು ಹೆದರಿ, ಇರುವ ಎರಡು ಮೂರು ಕಿಲೋ ಕೋಡನ್ನು ಸಿಕ್ಕಿದ ಬೆಲೆಗೆ ಹಸಿಯಾಗಿಯೇ ಕೊಟ್ಟುಬಿಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಡಿಕೆ ಒಣಗಿಸಲು ಗೊತ್ತಿರುವ, ಹಪ್ಪಳ ಸಂಡಿಗೆಗೆ ಬಿಸಿಲು ಕಾಯಲು ಗೊತ್ತಿರುವ ಮನೆಯವರಿಗೆ ಇದು ಹೆಚ್ಚಿನದಲ್ಲ.

ಕಾಸರಗೋಡಿನ ನಮ್ಮ ಕಡೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಸುತ್ತಿನ ತೋಟಗಳಲ್ಲಿ, ಗೊಬ್ಬರದ ಗಿಡಕ್ಕೆ ಹಬ್ಬಿದ ವೆನಿಲ್ಲಾ ಬಳ್ಳಿಗಳು ಅಲ್ಲಲ್ಲಿ ಉಳಿದಿವೆ. 2000ದಲ್ಲಿ ಮಡಗಾಸ್ಕರಿನಲ್ಲಿ ಚಂಡಮಾರುತ ಎದ್ದು ಅಲ್ಲಿನ ಬೆಳೆ ನಾಶವಾದಾಗ ಬೆಲೆ ಆಕಾಶಕ್ಕೇರಿತು. ಆಗ ಎಲ್ಲರೂ ನೆಟ್ಟರು, ಕಳ್ಳರ ಭಯಕ್ಕೆ ರಾತ್ರಿ ತೋಟ ಕಾದರು. 2004ರ ನಂತರ ಬೆಲೆ ಬಿದ್ದಿತು, ಬುಡ ಕೊಳೆಯುವ ರೋಗವೂ ಬಂದಿತು, ಹೆಚ್ಚಿನವರು ಬಳ್ಳಿಯ ಕಡೆ ತಿರುಗಿ ನೋಡಲಿಲ್ಲ. ನಾನು ಈಗ ಹೇಳುವುದು ಮಾರಾಟಗಾರರಿಗಲ್ಲ. ಮನೆ ಖರ್ಚಿಗೆ, ಮಕ್ಕಳ ಮನೆಗೆ, ಬೇಕಾದ ನಾಲ್ಕು ಜನರಿಗೆ ಕೊಡುವಷ್ಟು ಮಾಡಿಕೊಳ್ಳುವವರಿಗೆ.

ಮೊದಲು ಕೊಯ್ಲಿನ ವಿಷಯ. ಹೂವಿಗೆ ಪರಾಗ ಮುಟ್ಟಿಸಿ ಒಂದೂವರೆ ತಿಂಗಳಿಗೆಲ್ಲ ಕೋಡು ಪೂರ್ತಿ ಉದ್ದ ಬೆಳೆದುಬಿಡುತ್ತದೆ. ಅದನ್ನು ನೋಡಿ ಮೋಸ ಹೋಗಬಾರದು. ಬಲಿಯಲು ಎಂಟರಿಂದ ಒಂಬತ್ತು ತಿಂಗಳು ಬೇಕು. ಎಳೆಯದನ್ನು ಕೊಯ್ದರೆ ಮುಂದೆ ನೀವು ಏನೇ ಉಪಚಾರ ಮಾಡಿದರೂ ಅದು ಒಣ ಹುಲ್ಲಿನ ವಾಸನೆ ಬಿಡುವುದಿಲ್ಲ, ಬೂಸ್ಟು ಬರುವುದೂ ಅದಕ್ಕೇ ಮೊದಲು. ಬಲಿತ ಕೋಡಿನ ಗುರುತು ತುದಿಯಲ್ಲಿದೆ: ಕಡುಹಸಿರು ತಿಳಿಯಾಗಿ, ತುದಿಯಲ್ಲಿ ಉಗುರಿನಷ್ಟು ಜಾಗ ಹಳದಿಗೆ ತಿರುಗಿರುತ್ತದೆ. ಒಂದೇ ಗೊನೆಯ ಕೋಡುಗಳೆಲ್ಲ ಒಟ್ಟಿಗೆ ಬಲಿಯುವುದಿಲ್ಲ. ಗೊನೆಯನ್ನೇ ಕತ್ತರಿಸುವ ಸೋಮಾರಿತನ ಬೇಡ, ಎರಡು ದಿನಕ್ಕೊಮ್ಮೆ ಬಳ್ಳಿಯ ಬುಡಕ್ಕೆ ಹೋಗಿ ಹಳದಿ ಕಂಡದ್ದನ್ನು ಮಾತ್ರ ತೊಟ್ಟು ತಿರುಚಿ ತೆಗೆಯಿರಿ. ತಡವಾದರೆ ತುದಿ ಸೀಳುತ್ತದೆ. ಸೀಳಿದ್ದಕ್ಕೆ ಪೇಟೆಯಲ್ಲಿ ಬೆಲೆ ಕಡಿಮೆ, ಅಡುಗೆಮನೆಯಲ್ಲಿ ಅಲ್ಲ, ಎಸೆಯಬೇಡಿ. ಬಳ್ಳಿಯ ರಸ ತಾಗಿದರೆ ಕೆಲವರಿಗೆ ವಿಪರೀತ ತುರಿಕೆ. ಅಂಥವರು ಕೈಗವಸು ಹಾಕಿಕೊಂಡೇ ಕೊಯ್ಯಬೇಕು.

ಈ ಬಳ್ಳಿಯ ಮೂಲ ಮೆಕ್ಸಿಕೋ. ಅಲ್ಲಿಯ ಜೇನ್ನೊಣ ನಮ್ಮಲ್ಲಿಲ್ಲ, ಆದ್ದರಿಂದ ಪ್ರತಿ ಹೂವಿಗೂ ಬೆಳಗ್ಗೆ ಅರಳಿದ ಹೊತ್ತಿಗೆ ಹೋಗಿ ಕೈಯಲ್ಲೇ ಪರಾಗ ಮುಟ್ಟಿಸಬೇಕು. ಆ ಕ್ರಮವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಸಣ್ಣ ಕಡ್ಡಿಯಲ್ಲಿ ಹೂವಿನೊಳಗಿನ ಪರದೆ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುವುದು. ನಮ್ಮ ಮನೆಗಳ ಹೆಂಗಸರು ಈಗಲೂ ಹಾಗೆಯೇ ಮಾಡುತ್ತಾರೆ. ಒಂದೊಂದು ಹೂವಿಗೂ ಇಷ್ಟು ಕೈ ಹಾಕಿದ ಮೇಲೆ ಕೊನೆಯ ಕೆಲಸದಲ್ಲಿ ಅವಸರ ಮಾಡುವುದು ಯಾವ ನ್ಯಾಯ?

ಕೊಯ್ದ ಕೋಡನ್ನು ತೊಳೆದು, ಉದ್ದದ್ದು, ಮಧ್ಯಮ, ಗಿಡ್ಡ, ಸೀಳಿದ್ದು ಎಂದು ಬೇರೆ ಮಾಡಿ. ನಾಲ್ಕೈದು ದಿನದೊಳಗೆ ಬಿಸಿನೀರಿಗೆ ಹಾಕಬೇಕು. ಬುಟ್ಟಿಯಲ್ಲಿ ರಾಶಿ ಹಾಕಿ ಮರೆತರೆ ಒಳಗಿನಿಂದಲೇ ಕೊಳೆಯುತ್ತದೆ. ಬಿಸಿನೀರು ಎಂದರೆ ಕುದಿಯುವ ನೀರಲ್ಲ, 63ರಿಂದ 65 ಡಿಗ್ರಿ ಸೆಲ್ಸಿಯಸ್. ಅಡುಗೆಮನೆಯ ಥರ್ಮಾಮೀಟರ್ ಈಗ ಎಲ್ಲ ಕಡೆ ಸಿಗುತ್ತದೆ, ಒಂದು ತರಿಸಿಕೊಳ್ಳಿ. ಅಂದಾಜಿಗೆ, ಕುದಿಯುವ ನೀರಿಗೆ ಅಷ್ಟೇ ಅಳತೆಯ ಬಾವಿಯ ನೀರು ಬೆರೆಸಿದರೆ ಹತ್ತಿರ ಹತ್ತಿರ ಈ ಬಿಸಿ ಬರುತ್ತದೆ. ಪಾತ್ರೆಯೂ ಕೋಡೂ ಬಿಸಿಯನ್ನು ಎಳೆದುಕೊಳ್ಳುವುದರಿಂದ ಒಂದು ಲೋಟ ಕುದಿನೀರು ಪಕ್ಕದಲ್ಲಿ ಇರಲಿ. ಉದ್ದದ ಕೋಡಿಗೆ ಮೂರರಿಂದ ಐದು ನಿಮಿಷ, ಗಿಡ್ಡದ್ದಕ್ಕೆ ಎರಡು, ಸೀಳಿದ್ದಕ್ಕೆ ಒಂದೂವರೆ. ಬೆತ್ತದ ಬುಟ್ಟಿಯಲ್ಲಿ ಅಥವಾ ಬಟ್ಟೆಯ ಗಂಟಿನಲ್ಲಿ ಮುಳುಗಿಸಿದರೆ ಎಲ್ಲವನ್ನೂ ಒಂದೇ ಸಲ ಎತ್ತಬಹುದು.

ಇದರಿಂದ ಆಗುವುದೇನೆಂದು ತಿಳಿದುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಕೋಡಿನೊಳಗೆ ಪರಿಮಳದ ಅಂಶ ಸಕ್ಕರೆಯೊಂದಿಗೆ ಬೆಸೆದುಕೊಂಡಿರುತ್ತದೆ. ಅದನ್ನು ಬಿಡಿಸುವ ಕಿಣ್ವವೂ ಅದೇ ಕೋಡಿನಲ್ಲಿದೆ, ಆದರೆ ಬೇರೆ ಗೂಡಿನಲ್ಲಿ. ಬಿಸಿನೀರು ಗೂಡಿನ ಗೋಡೆ ಒಡೆದು ಇವೆರಡನ್ನು ಸೇರಿಸುತ್ತದೆ. ಕೋಡು ಬೆಳೆಯುವುದನ್ನೂ ಸೀಳುವುದನ್ನೂ ನಿಲ್ಲಿಸುತ್ತದೆ. ನೀರು ಕುದಿಯುತ್ತಿದ್ದರೆ ಕಿಣ್ವವೇ ಸಾಯುತ್ತದೆ. ಆ ಕೋಡು ಕಪ್ಪಾಗಿ ಒಣಗುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ, ಪರಿಮಳ ಮಾತ್ರ ಬಾರದು. ಹಾಗೆಯೇ ಕಿಣ್ವ ಕೆಲಸ ಮಾಡಲು ಬಿಸಿಯೂ ಬೇಕು, ತೇವವೂ ಬೇಕು. ಆದ್ದರಿಂದ ಮೊದಲ ದಿನಗಳಲ್ಲಿ ಒಣಗಿಸುವ ಯೋಚನೆಯನ್ನೇ ಬಿಡಬೇಕು. ಸುಡು ಬಿಸಿಲಿಗೆ ಹರಡಿ ವಾರದಲ್ಲಿ ಕೆಲಸ ಮುಗಿಸುವವರು ಪರಿಮಳ ಹುಟ್ಟುವ ಮೊದಲೇ ನೀರನ್ನು ಓಡಿಸುತ್ತಾರೆ.

ನೀರಿನಿಂದ ಎತ್ತಿದ ಕೋಡನ್ನು ಬಿಸಿ ಇರುವಾಗಲೇ ಹತ್ತಿಬಟ್ಟೆಯಲ್ಲಿ ಒರೆಸಿ, ಉಣ್ಣೆಯ ಕಂಬಳಿಯಲ್ಲಿ ಸುತ್ತಿ, ಮುಚ್ಚಳ ಇರುವ ಮರದ ಪೆಟ್ಟಿಗೆಯಲ್ಲಿಡಿ. ಎರಡು ರಾತ್ರಿ ಅದು ಅಲ್ಲಿ ಬೆವರಬೇಕು. ಒಳಗೆ 45ರಿಂದ 50 ಡಿಗ್ರಿ ಬಿಸಿ ನಿಂತರೆ ಉತ್ತಮ. ಹತ್ತಾರು ಕಿಲೋ ಮಾಡುವವರಿಗೆ ರಾಶಿಯ ಬಿಸಿಯೇ ಸಾಕಾಗುತ್ತದೆ. ನಮ್ಮ ನಿಮ್ಮ ಒಂದೆರಡು ಕಿಲೋಗೆ ಸಾಲದು, ಬೆಳಗಾಗುವಾಗ ತಣ್ಣಗಾಗಿರುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯ: ಎರಡು ಸ್ಟೀಲ್ ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ, ಬಟ್ಟೆ ಸುತ್ತಿ ಕಂಬಳಿಯ ಎರಡೂ ಬದಿಗೆ ಇಡುವುದು. ರಾತ್ರಿ ಮಲಗುವ ಮೊದಲು ಮತ್ತು ಬೆಳಗ್ಗೆ ಎದ್ದ ಕೂಡಲೇ ನೀರು ಬದಲಿಸಿ. ಹತ್ತಿಪ್ಪತ್ತೇ ಕೋಡು ಇದ್ದರೆ ಚಪಾತಿ ಹಾಕಿಡುವ ಹಾಟ್‌ಬಾಕ್ಸ್ ಸಾಕು. ಥರ್ಮೋಕೋಲ್ ಪೆಟ್ಟಿಗೆಯೂ ಆಗುತ್ತದೆ, ಆದರೆ ಹೊಸದಾಗಿರಲಿ. ಮೀನು ಬಂದ ಪೆಟ್ಟಿಗೆಯನ್ನು ಎಷ್ಟು ತೊಳೆದರೂ ಬೇಡ.

ಎರಡನೆಯ ಬೆಳಗ್ಗೆ ಕಂಬಳಿ ಬಿಚ್ಚಿದಾಗ ಹಸಿರು ಹೋಗಿ ಕಾಫಿ ಬಣ್ಣ ಬಂದಿರಬೇಕು, ಮೈಮೇಲೆ ಸಣ್ಣ ಬೆವರ ಹನಿ ಇರಬೇಕು. ಮೂಗಿಗೆ ಮೊದಲು ತಾಗುವುದು ಹುಳಿ ಕಲೆತ ವಾಸನೆ, ಅದರ ಹಿಂದೆ ಬಹಳ ತೆಳುವಾಗಿ ಸಿಹಿ. ಆ ಸಿಹಿ ತಾಗಿತೆಂದರೆ ಕೆಲಸ ದಾರಿ ಹಿಡಿದಿದೆ. ನಡುವೆ ಯಾವುದಾದರೂ ಕೋಡು ಹಸಿರಾಗಿಯೇ ಉಳಿದಿದ್ದರೆ ಅದಕ್ಕೆ ಬಿಸಿ ಸರಿಯಾಗಿ ತಾಗಿಲ್ಲ. ಅದನ್ನು ಮತ್ತೆ ಬಿಸಿನೀರಿಗೆ ಅದ್ದಿ ಸುತ್ತಿಡಿ.

ಈಗ ಬಿಸಿಲು. ಚೌಕಟ್ಟಿನ ಮೇಲೆ ಅಥವಾ ಹಗ್ಗದ ಮಂಚದ ಮೇಲೆ ಕಪ್ಪು ಕಂಬಳಿ ಹಾಸಿ, ಕೋಡುಗಳನ್ನು ಒಂದಕ್ಕೊಂದು ತಾಗದಂತೆ ಒಂದೇ ಪದರವಾಗಿ ಹರಡಿ. ನೆಲದ ಮೇಲೆ ಬೇಡ, ಅಡಿಕೆ ಅಂಗಳದಲ್ಲಂತೂ ಬೇಡವೇ ಬೇಡ. ಸಿಪ್ಪೆಯ ದೂಳೂ ಬೂಸ್ಟಿನ ಬೀಜವೂ ಅಲ್ಲಿಂದಲೇ ಅಂಟುವುದು. ಒಂದು ಗಂಟೆ ಬಿಚ್ಚಿಡಿ. ಕೈಗೆ ಬಿಸಿ ತಾಗುವಷ್ಟಾದಾಗ ಕಂಬಳಿಯ ಅಂಚನ್ನು ಮಡಚಿ ಮೇಲೆ ಹೊದೆಸಿ, ಮತ್ತೆರಡು ಗಂಟೆ ಬಿಸಿಲಲ್ಲೇ ಇರಲಿ. ಆಮೇಲೆ ಬಿಸಿ ಆರುವ ಮೊದಲೇ ಸುರುಳಿ ಸುತ್ತಿ ಪೆಟ್ಟಿಗೆಗೆ ಸೇರಿಸಿ, ರಾತ್ರಿ ಮತ್ತೆ ಬೆವರಲಿ. ವಾರದಿಂದ ಹತ್ತು ದಿನ ಹೀಗೆಯೇ.

ನಮ್ಮ ಊರಿನ ತೊಡಕು ಇಲ್ಲಿದೆ. ಜನವರಿಯಿಂದ ಮಾರ್ಚ್‌ವರೆಗೆ ಹೂವಾದದ್ದು ಬಲಿಯುವ ಹೊತ್ತಿಗೆ ಅಕ್ಟೋಬರ್, ನವೆಂಬರ್. ತುಲಾ ಮಾಸದ ಮಳೆ ಎಂದರೆ ಕಾಸರಗೋಡಿನವರಿಗೆ ಹೇಳಬೇಕಿಲ್ಲ: ಬೆಳಗ್ಗೆ ಚುರುಕು ಬಿಸಿಲು, ಮಧ್ಯಾಹ್ನ ಊಟವಾಗುವಾಗ ಮೂಡಣದ ಗುಡ್ಡೆಯ ಮೇಲೆ ಮೋಡ, ಮೂರು ಗಂಟೆಗೆ ಸಿಡಿಲು. ಆದ್ದರಿಂದ ಹತ್ತು ಗಂಟೆಗೆ ಹರಡಿ ಒಂದೂವರೆಯ ಒಳಗೆ ಸುತ್ತಿಬಿಡಿ. ಗುಡುಗು ಕೇಳಿದ ಮೇಲೆ ಓಡಿದರೆ ಕೋಡು ತಣ್ಣಗಾಗಿರುತ್ತದೆ, ತಣ್ಣಗಿನದನ್ನು ಸುತ್ತಿಟ್ಟರೆ ಬೂಸ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ. ಬಿಸಿಲೇ ಬಾರದ ದಿನ ಪೆಟ್ಟಿಗೆಯೊಳಗಿನ ಬಿಸಿನೀರಿನ ಬಾಟಲಿಯೇ ಗತಿ. ಮಧ್ಯಾಹ್ನ ಒಮ್ಮೆ ಕಂಬಳಿ ಬಿಚ್ಚಿ ಒರೆಸಿ ಗಾಳಿ ತೋರಿಸಿ, ಮತ್ತೆ ಸುತ್ತಿ. ಅಡಿಕೆಗೆಂದು ಮಾಡಿದ ಪ್ಲಾಸ್ಟಿಕ್ ಗೂಡಿನೊಳಗೆ ಇಡಬಹುದೇ ಎಂದು ಕೇಳುವವರಿದ್ದಾರೆ. ಮಧ್ಯಾಹ್ನ ಅದರ ಒಳಗೆ ಬಿಸಿ ಮಿತಿ ಮೀರುತ್ತದೆ, ಅಡಿಕೆಯ ವಾಸನೆಯೂ ಹಿಡಿಯುತ್ತದೆ. ನಾನು ಒಪ್ಪುವುದಿಲ್ಲ.

ಒಲೆಯ ಮೇಲಿನ ಅಟ್ಟದ ಮಾತೂ ಅಷ್ಟೇ. ಮಳೆಗಾಲದಲ್ಲಿ ನಾವು ಏನು ಕೆಡುವಂತಿದ್ದರೂ ಅಟ್ಟಕ್ಕೇರಿಸುವವರು. ವೆನಿಲ್ಲಾಕ್ಕೆ ಹೊಗೆ ಆಗದು. ಬೇರೆಯವರ ವಾಸನೆಯನ್ನು ಇಷ್ಟು ಬೇಗ ಹೀರಿಕೊಳ್ಳುವ ಪದಾರ್ಥ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಕರ್ಪೂರ, ನ್ಯಾಫ್ತಲಿನ್ ಗುಳಿಗೆ ಇಟ್ಟ ಪೆಟ್ಟಿಗೆಯ ಕಂಬಳಿ, ಕೊಬ್ಬರಿ ಇಟ್ಟ ಕೋಣೆ, ಹೊಸ ಬಣ್ಣ ಬಳಿದ ಕಪಾಟು, ಎಲ್ಲದರಿಂದ ದೂರ ಇಡಿ.

ಬಿಸಿಲಿನ ಕೆಲಸ ಮುಗಿಯಿತೆಂದು ತಿಳಿಯಲು ಕೋಡಿನ ಮೈ ನೋಡಿ. ಉದ್ದುದ್ದ ನೆರಿಗೆ ಬಿದ್ದು, ಬಣ್ಣ ಕಡುಗಂದಾಗಿ, ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಳ್ಳಬೇಕು. ಇನ್ನು ಮೂರು ವಾರದಿಂದ ಒಂದು ತಿಂಗಳು ನೆರಳು. ಗಾಳಿಯಾಡುವ ಚಾವಡಿಯಲ್ಲಿ ಬಿದಿರಿನ ತಟ್ಟೆಯ ಮೇಲೆ ಹರಡಿ, ತೆಳು ಬಟ್ಟೆ ಮುಚ್ಚಿ. ಫ್ಯಾನ್ ಹಾಕಬೇಡಿ. ಈ ದಿನಗಳಲ್ಲಿ ಮಾಡುವ ಒಂದು ಕೆಲಸ ನನಗೆ ಬಹಳ ಇಷ್ಟ. ಸಂಜೆ ಕುಳಿತು ಪ್ರತಿಯೊಂದು ಕೋಡನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಮೆಲ್ಲಗೆ ಎಳೆಯುವುದು. ಡೊಂಕು ನೇರವಾಗುತ್ತದೆ, ಒಳಗಿನ ಎಣ್ಣೆ ಮೈಗೆಲ್ಲ ಹರಡಿ ಹೊಳಪು ಬರುತ್ತದೆ, ಒಳಗೆ ಎಲ್ಲಾದರೂ ಗಂಟು ಅಥವಾ ಮೆತ್ತಗಿನ ಜಾಗ ಇದ್ದರೆ ಬೆರಳಿಗೆ ಗೊತ್ತಾಗುತ್ತದೆ. ಮೆತ್ತಗಿನದನ್ನು ಬೇರೆ ಇಡಿ, ಕೊಳೆಯುವುದು ಅದೇ ಮೊದಲು. ಕೈಯನ್ನು ಸೋಪಿನಲ್ಲಿ ತೊಳೆದು, ಸೋಪಿನ ವಾಸನೆ ಹೋಗುವವರೆಗೆ ಮತ್ತೆ ಬರಿ ನೀರಿನಲ್ಲಿ ತೊಳೆದು ಕುಳಿತುಕೊಳ್ಳಬೇಕು.

ಒಟ್ಟು ಒಣಗಿದಾಗ ಆರು ಕಿಲೋ ಹಸಿಗೆ ಒಂದು ಕಿಲೋ ಸಿಗುತ್ತದೆ. ಅದಕ್ಕಿಂತ ಕಡಿಮೆಗೆ ಇಳಿದರೆ ಹೆಚ್ಚು ಒಣಗಿಸಿದ್ದೀರಿ ಎಂದರ್ಥ. ಶೇಕಡಾ 25ರಿಂದ 30ರಷ್ಟು ತೇವ ಉಳಿಯಬೇಕು. ಕಟಕಟ ಮುರಿಯುವ ಕೋಡು ಪುಡಿ ಮಾಡಲಷ್ಟೇ ಸರಿ.

ಕೊನೆಗೆ ಮೂರು ತಿಂಗಳ ವಾಸ. ಕೋಡುಗಳನ್ನು ಒಂದೇ ಉದ್ದದವು ನೋಡಿ ದಾರದಲ್ಲಿ ಕಟ್ಟು ಕಟ್ಟಿ, ಬೆಣ್ಣೆಕಾಗದ ಸುತ್ತಿ, ಗಾಜಿನ ಭರಣಿಯಲ್ಲೋ ಒಳಗೆ ಕಾಗದ ಹಾಸಿದ ತಗಡಿನ ಡಬ್ಬಿಯಲ್ಲೋ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ನೀರು ಬಿಡುತ್ತದೆ. ಭರಣಿಯನ್ನು ತುರುಕಿ ತುಂಬಿಸದೆ ಅರ್ಧ ಭಾಗ ಖಾಲಿ ಬಿಡಿ. ಮೊದಲ ತಿಂಗಳು ಎರಡು ಮೂರು ದಿನಕ್ಕೊಮ್ಮೆ ಮುಚ್ಚಳ ತೆಗೆದು ಹತ್ತು ನಿಮಿಷ ಗಾಳಿ ತೋರಿಸಿ, ಮೂಸಿ ನೋಡಿ. ಭರಣಿಯ ಒಳಮೈಯಲ್ಲಿ ಹಬೆ ಕಂಡರೆ ಕೋಡು ಇನ್ನೂ ಹಸಿಯಾಗಿದೆ. ಎಲ್ಲವನ್ನೂ ಹೊರತೆಗೆದು ಮತ್ತೆರಡು ದಿನ ನೆರಳಿಗೆ ಹರಡಿ. ಆಮೇಲೆ ವಾರಕ್ಕೊಮ್ಮೆ ನೋಡಿದರೆ ಸಾಕು.

ಹೋದ ವರ್ಷ ನನ್ನ ತಂಗಿಯ ಸೊಸೆ ಮೊಬೈಲಿನಲ್ಲಿ ಫೋಟೋ ಕಳುಹಿಸಿ, "ದೊಡ್ಡತ್ತೆ, ಕೋಡಿಗೆ ಬಿಳಿ ಬಂದಿದೆ, ಎಸೆಯಲಾ?" ಎಂದು ಅಳುವ ಧ್ವನಿಯಲ್ಲಿ ಕೇಳಿದಳು. "ಎಸೆಯಬೇಡ, ಕಿಟಕಿಯ ಬಳಿ ಬೆಳಕಿಗೆ ಹಿಡಿದು ತಿರುಗಿಸಿ ನೋಡು" ಎಂದೆ. ಮಿಣಮಿಣ ಮಿನುಗಿತು. ಅದು ಬೂಸ್ಟಲ್ಲ, ಪರಿಮಳದ ಅಂಶವೇ ಹೊರಗೆ ಬಂದು ಹರಳುಗಟ್ಟಿದ್ದು. ಒಳ್ಳೆಯ ಕೋಡಿಗೆ ಮಾತ್ರ ಬರುವಂಥದ್ದು. ಸೂಜಿಯಂಥ ಸಣ್ಣ ಎಳೆಗಳು, ಬೆಳಕಿಗೆ ಹೊಳೆಯುತ್ತವೆ, ಮೂಸಿದರೆ ಸಿಹಿ. ಬೂಸ್ಟಾದರೆ ಮಂಕಾಗಿ, ಹತ್ತಿಯ ಹಾಗೆ, ಹೆಚ್ಚಾಗಿ ತೊಟ್ಟಿನ ಕಡೆಯಿಂದ ಶುರುವಾಗುತ್ತದೆ, ಮುಗ್ಗಲು ವಾಸನೆ ಇರುತ್ತದೆ. ಹಾಗೆ ಬಂದ ಕೋಡನ್ನು ಒರೆಸಿ ಉಳಿಸುವ ಆಸೆ ಬೇಡ. ಬಾಯಿಗೆ ಹೋಗುವ ವಸ್ತು, ಅದನ್ನು ಗೊಬ್ಬರದ ಗುಂಡಿಗೆ ಹಾಕಿ. ಅದೇ ಕಟ್ಟಿನ ಉಳಿದವನ್ನು ಒಂದೊಂದಾಗಿ ಪರೀಕ್ಷಿಸಿ, ಬಿಸಿಲು ತೋರಿಸಿ, ಹೊಸ ಕಾಗದ ಸುತ್ತಿ ಬೇರೆ ಭರಣಿಗೆ ಹಾಕಿ.

ಉಪಯೋಗಿಸುವಾಗ ಒಂದು ಲೀಟರ್ ಹಾಲಿಗೆ ಅರ್ಧ ಕೋಡು ಧಾರಾಳವಾಯಿತು. ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಕಾಳನ್ನು ಚಾಕುವಿನ ಬೆನ್ನಿನಿಂದ ಕೆರೆದು, ಒಲೆಯಿಂದ ಇಳಿಸಿದ ಬಿಸಿ ಹಾಲಿಗೆ ಸಿಪ್ಪೆ ಸಮೇತ ಹಾಕಿ ಕಾಲು ಗಂಟೆ ಮುಚ್ಚಿಡಿ. ಕುದಿಯುವಾಗ ಹಾಕಿದರೆ ಅರ್ಧ ಪರಿಮಳ ಹಬೆಯೊಂದಿಗೆ ಹೋಗುತ್ತದೆ. ಏಲಕ್ಕಿ ಹಾಕುವ ಪಾಯಸಕ್ಕೆ ಇದನ್ನು ಸೇರಿಸಬೇಡಿ, ಎರಡೂ ಕೆಡುತ್ತವೆ. ಹಾಲಿನಿಂದ ತೆಗೆದ ಸಿಪ್ಪೆಯನ್ನು ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಸಕ್ಕರೆ ಡಬ್ಬಿಯಲ್ಲಿ ಹುಗಿದಿಡಿ. ಎರಡು ವಾರದಲ್ಲಿ ಆ ಸಕ್ಕರೆಗೆ ಪರಿಮಳ ಹತ್ತುತ್ತದೆ, ಸಕ್ಕರೆ ಮುಗಿದಂತೆ ಅದೇ ಸಿಪ್ಪೆಯ ಮೇಲೆ ಮತ್ತೆ ಸುರಿಯುತ್ತಾ ಹೋಗಬಹುದು.