ಹಿಗೊನೊಕಾಮಿಗೆ ಸಾಣೆ ಹಿಡಿಯುವುದು ಹೇಗೆ?

ಹಿಗೊನೊಕಾಮಿ ಮಡಚುವ ಚಾಕು ತರಿಸಿಕೊಂಡವರು ಮೊದಲ ಸಾಣೆಯಲ್ಲೇ ಅದನ್ನು ಹಾಳು ಮಾಡುವುದನ್ನು ನೋಡಿ ಸಾಕಾಗಿದೆ. ಹಾಗಂತ ಇದೇನೂ ಸೂಕ್ಷ್ಮದ ವಸ್ತುವಲ್ಲ. ಮಡಚಿದ ತಗಡಿನ ಹಿಡಿ, ಒಂದು ಅಲಗು, ಒಂದು ರಿವೆಟ್, ಅಷ್ಟೇ. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಜಪಾನಿನ ಹ್ಯೋಗೊ ಪ್ರಾಂತ್ಯದ ಮಿಕಿ ಊರಿನಲ್ಲಿ 1890ರ ದಶಕದಿಂದ ಹೀಗೇ ಮಾಡುತ್ತಿದ್ದಾರೆ. ಅಲ್ಲಿನ ಶಾಲೆ ಮಕ್ಕಳು ಇದರಲ್ಲೇ ಪೆನ್ಸಿಲ್ ಕೆತ್ತುತ್ತಿದ್ದರು. 1960ರ ಸುಮಾರಿಗೆ ಮಕ್ಕಳ ಕೈಗೆ ಚಾಕು ಬೇಡ ಎಂಬ ಕೂಗೆದ್ದು ಮಾರಾಟ ಕುಸಿಯಿತು. ಈಗ ಆ ಹೆಸರಿನ ಹಕ್ಕು ಉಳಿದಿರುವುದು ನಾಗಾವೊ ಕಾನೆಕೊಮಾ ಕಾರ್ಖಾನೆಯೊಂದಕ್ಕೇ. ಕೊಳ್ಳುವುದಾದರೆ ಅವೊಗಾಮಿ ಎಂಬ ಹೆಚ್ಚು ಇಂಗಾಲದ ಜಪಾನಿ ಉಕ್ಕಿನದನ್ನೇ ಕೊಳ್ಳಿ.

ಮೊದಲು 1000 ಗ್ರಿಟ್‌ನ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟು ಕಲ್ಲು ನಯ) ಸಾಣೆಕಲ್ಲನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆ ಮೇಲೆ ಜಾರದಂತೆ ಇಡಿ. ಅಡುಗೆಮನೆಯ ಎಳೆದುಜ್ಜುವ ಶಾರ್ಪನರ್ ಬೇಡವೇ ಬೇಡ, ಅದು ಅಂಚನ್ನು ಹೆರೆದು ತನ್ನದೇ ಕೋನ ಕೂರಿಸುತ್ತದೆ. ಒಣ ಚಕ್ರಕ್ಕೆ ಕೊಟ್ಟರಂತೂ ಕಾದು ಉಕ್ಕಿನ ಹದವೇ ಹೋಗುತ್ತದೆ.

ಅಲಗಿನ ಹಿಂದೆ ಚಾಚಿರುವ ಚಿಕ್ಕ ಬಾಲಕ್ಕೆ ಚಿಕಿರಿ ಎನ್ನುತ್ತಾರೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಕೆಲಸ ಮಾಡಿ, ಬಿಟ್ಟರೆ ಅಲಗು ಬೆರಳ ಮೇಲೆ ಮಡಚಿಕೊಂಡೀತು.

ಈಗ ಎಲ್ಲರೂ ಎಡವುವ ಜಾಗ. ಅಲಗನ್ನು ಬೆಳಕಿಗೆ ಹಿಡಿದರೆ ಅಂಚಿನ ತನಕ ಅಗಲವಾದ ಇಳಿಜಾರು ಕಾಣುತ್ತದೆ. ಕೋನ ಎಷ್ಟು ಡಿಗ್ರಿ ಅಂತ ಹುಡುಕಬೇಡಿ, ಆ ಇಳಿಜಾರೇ ಕೋನ. ಅದನ್ನು ಪೂರ್ತಿಯಾಗಿ ಕಲ್ಲಿಗೆ ತಾಗಿಸಿ ಮಲಗಿಸಿ, ಹಾಗೇ ಉಜ್ಜಿ. ಸುಮ್ನೆ ಬೇಗ ಹರಿತವಾಗಲಿ ಅಂತ ಅಲಗಿನ ಬೆನ್ನು ಎತ್ತಿದಿರೋ, ಅಂಚು ದಪ್ಪವಾಗುತ್ತದೆ. ನಾಲ್ಕು ಸಲ ಹಾಗೆ ಮಾಡಿದರೆ ಪೆನ್ಸಿಲ್ ಮರವನ್ನು ಸೀಳುತ್ತದೆಯೇ ಹೊರತು ಕೆತ್ತುವುದಿಲ್ಲ. ಅನುಮಾನವಿದ್ದರೆ ಇಳಿಜಾರಿಗೆ ಮಾರ್ಕರ್ ಪೆನ್ನಿನಲ್ಲಿ ಮಸಿ ಬಳಿದು ಎರಡು ಸಲ ಉಜ್ಜಿ ನೋಡಿ. ಅಂಚಿನ ಮಸಿ ಮಾತ್ರ ಹೋಗಿದ್ದರೆ ಬೆನ್ನು ಎದ್ದಿದೆ. ಅಂಚಿನಲ್ಲೇ ಮಸಿ ಉಳಿದಿದ್ದರೆ ಕಲ್ಲು ಇನ್ನೂ ಅಲ್ಲಿಗೆ ಮುಟ್ಟಿಲ್ಲ, ಮುಂದುವರಿಸಿ. ಮೊದಲ ಸಲ ಇದಕ್ಕೆ ಹೊತ್ತು ಜಾಸ್ತಿಯೇ ಹಿಡಿಯುತ್ತದೆ. ಮೊನೆ ಹತ್ತಿರ ಬಂದಾಗ ಹಿಡಿಯನ್ನು ತುಸು ಎತ್ತಿ, ಇಲ್ಲದಿದ್ದರೆ ಬಾಗಿದ ಭಾಗ ಕಲ್ಲಿಗೆ ತಾಗುವುದೇ ಇಲ್ಲ.

ಎಷ್ಟು ಉಜ್ಜಬೇಕು ಎಂಬುದನ್ನು ಬೆರಳು ಹೇಳುತ್ತದೆ. ಕಲ್ಲಿಗೆ ತಾಗದ ಬದಿಯಲ್ಲಿ ಬೆನ್ನಿನಿಂದ ಅಂಚಿನ ಆಚೆಗೆ ಮೆಲ್ಲಗೆ ಸವರಿ. ಅಂಚಿನ ಉದ್ದಕ್ಕೆ ಸವರಬೇಡಿ, ಕುಯ್ದೀತು! ಬುಡದಿಂದ ಮೊನೆಯವರೆಗೆ ಉಕ್ಕಿನ ತೆಳು ಎಳೆಯೊಂದು ಬೆರಳಿಗೆ ಗರಗರ ಎಂದರೆ ಆ ಬದಿ ಮುಗಿಯಿತು. ಮಗ್ಗುಲು ಬದಲಿಸಿ. ಆಮೇಲೆ 3000 ಅಥವಾ ಇನ್ನೂ ನಯದ ಕಲ್ಲಿನಲ್ಲಿ ಭಾರ ಹಾಕದೆ ಎರಡೂ ಬದಿ ಸವರಿ, ಹಳೇ ಬೆಲ್ಟಿನ ಚರ್ಮದ ಮೇಲೆ ಬೆನ್ನು ಮುಂದಾಗಿ, ಅಂಚು ಹಿಂದಾಗಿ ಎಳೆದರೆ ಆ ಎಳೆ ಉದುರುತ್ತದೆ.

ಒರೆಸಿ, ಒಣಗಿಸಿ, ತೆಳುವಾಗಿ ಎಣ್ಣೆ ಹಚ್ಚಿ. ಜಪಾನಿನಲ್ಲಿ ಇದಕ್ಕೆ ಕಮೀಲಿಯ ಬೀಜದ ಎಣ್ಣೆ ಬಳಸುತ್ತಾರೆ. ಹಣ್ಣು ಹೆಚ್ಚಿದ ಮೇಲೆ ಅಲಗಿಗೆ ಬೂದು ಬಣ್ಣ ಬಂದರೆ ಬರಲಿ, ಕೆಂಪು ತುಕ್ಕು ಮಾತ್ರ ಉಜ್ಜಿ ತೆಗೆಯಿರಿ.

ಅಲಗು ಸಡಿಲವಾಗಿದ್ದರೆ ರಿವೆಟ್ಟನ್ನು ಗಟ್ಟಿ ಕಬ್ಬಿಣದ ಮೇಲಿಟ್ಟು ಚಿಕ್ಕ ಸುತ್ತಿಗೆಯಿಂದ ಒಂದೇ ಏಟು ಹಾಕಿ, ತೆರೆದು ನೋಡಿ, ಸಾಲದಿದ್ದರೆ ಇನ್ನೊಂದು. ಬಿಗಿ ಜಾಸ್ತಿಯಾದರೆ ಒಂದು ಹನಿ ಎಣ್ಣೆ ಬಿಟ್ಟು ಹತ್ತಾರು ಸಲ ತೆರೆದು ಮುಚ್ಚಿ.