ಬಳೆಯೋ ಬಾಳೆಯೋ: ಹದಿಹರೆಯದವರಿಗೊಂದು ಪ್ರೇಮಕಾದಂಬರಿ ಬರೆದ ನನ್ನ ಅನುಭವ

ಪಿಯುಸಿ ಪರೀಕ್ಷೆ ಮುಗಿಸಿ ರಜೆಗೆಂದು ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳಿಗೆ ನನ್ನ ಕಾದಂಬರಿಯ ಮೊದಲ 40 ಪುಟಗಳನ್ನು ಓದಲು ಕೊಟ್ಟಿದ್ದೆ. ಸಂಜೆಯ ಹೊತ್ತಿಗೆ ಅವಳು ಹಾಳೆಗಳನ್ನು ನೀಟಾಗಿ ಜೋಡಿಸಿ ನನ್ನ ಕೈಗಿತ್ತು, "ಚೆನ್ನಾಗಿದೆ ಚಿಕ್ಕಮ್ಮ, ಆದ್ರೆ ಇವರಿಬ್ಬರೂ ಯಾಕೆ ಯಾವಾಗ್ಲೂ ಅಳ್ತಾನೇ ಇರ್ತಾರೆ?" ಎಂದು ಕೇಳಿದಳು.

ಅವಳ ಪ್ರಶ್ನೆ ನ್ಯಾಯವಾಗಿತ್ತು. ವಾರಪತ್ರಿಕೆಯ ಧಾರಾವಾಹಿಗಳನ್ನೂ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಕಾದಂಬರಿಗಳನ್ನೂ ಓದಿಕೊಂಡು ಬೆಳೆದ ನನಗೆ, ಪ್ರೇಮಿಗಳು ಒಂದಾಗಬೇಕಾದರೆ ಮೊದಲು ಸಾಕಷ್ಟು ನೋಯಬೇಕು ಎಂಬುದು ಯಾರೂ ಹೇಳಿಕೊಡದೆಯೇ ಮನಸ್ಸಿಗಿಳಿದಿತ್ತು. ನಾಯಕಿಯ ತಂದೆಗೆ ಹೃದಯಾಘಾತವಾಗುತ್ತಿತ್ತು, ನಾಯಕನಿಗೆ ಸೋದರಮಾವನ ಮಗಳೊಡನೆ ನಿಶ್ಚಿತಾರ್ಥ ನಡೆಯುತ್ತಿತ್ತು, ಮಳೆಯ ರಾತ್ರಿಯೊಂದರಲ್ಲಿ ಬೈಕು ಜಾರುತ್ತಿತ್ತು. ಆ ವಾರವೇ ಮೂರನ್ನೂ ತೆಗೆದುಹಾಕಿದೆ. ಉಳಿದವರು ಇಬ್ಬರೇ: ತಿಪಟೂರಿನಿಂದ ಬಿ.ಕಾಂ. ಓದಲು ಮೈಸೂರಿಗೆ ಬಂದು ಪಿ.ಜಿ.ಯಲ್ಲಿರುವ 18 ವರ್ಷದ ಸಿಂಚನಾ, ಮತ್ತು ಬೆಳಿಗ್ಗೆ ಕಾಲೇಜು ಮುಗಿಸಿಕೊಂಡು ಮಧ್ಯಾಹ್ನದ ಮೇಲೆ ದೇವರಾಜ ಮಾರುಕಟ್ಟೆಯಲ್ಲಿರುವ ತಂದೆಯ ಹಣ್ಣಿನಂಗಡಿಯಲ್ಲಿ ಕೂರುವ 20 ವರ್ಷದ ಕಾರ್ತಿಕ್.

ಹಗುರವಾದ ಪ್ರೇಮಕಥೆಗೆ ಅಡ್ಡಿಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಹೊರಗಿನವರ ಕಣ್ಣಿಗೆ ಅಡ್ಡಿ ಸಣ್ಣದಾಗಿರಬೇಕು, ಆದರೆ ಆ ಇಬ್ಬರ ಪಾಲಿಗೆ ಆ ದಿನದ ಮಟ್ಟಿಗಾದರೂ ಅದು ಚಾಮುಂಡಿ ಬೆಟ್ಟದಷ್ಟು ದೊಡ್ಡದಾಗಿರಬೇಕು. ಲೇಖಕಿಯಾದವಳು ಆ ಹುಡುಗ ಹುಡುಗಿಯರ ಸಂಕಟವನ್ನು ಮೇಲೆ ನಿಂತು ನೋಡಿ ನಕ್ಕರೆ ಓದುಗರಿಗೆ ಅದು ತಕ್ಷಣ ಗೊತ್ತಾಗಿಬಿಡುತ್ತದೆ. ಹಾಗಾಗಿ ನಾನು ಬೇರೇನನ್ನೂ ಹುಡುಕದೆ ಅವರ ದಿನಚರಿಯೊಳಗೇ ಅಡ್ಡಿಗಳನ್ನು ಹುಡುಕಿದೆ. ಕಾಲಾವಧಿಯನ್ನು ಗೌರಿ ಹಬ್ಬದಿಂದ ವಿಜಯದಶಮಿಯವರೆಗಿನ ಸುಮಾರು 5 ವಾರಗಳಿಗೆ ಇಳಿಸಿದೆ. ಹಬ್ಬದ ವ್ಯಾಪಾರ, ಇಂಟರ್ನಲ್ ಪರೀಕ್ಷೆ, ದಸರೆಯ ಜನಸಂದಣಿ ಇವೇ ಅಧ್ಯಾಯಗಳನ್ನು ಮುಂದಕ್ಕೆ ತಳ್ಳುತ್ತಾ ಹೋದವು.

ಹಳೆಯ ಅಭ್ಯಾಸ ಎಲ್ಲಿ ಕೈಕೊಡುತ್ತದೆ ಎಂಬುದು ಒಂದು ಬಸ್ಸಿನ ದೃಶ್ಯದಲ್ಲಿ ತಿಳಿಯಿತು. ಕಂಡಕ್ಟರ್ ಹತ್ತಿರ ಬಂದಾಗ ಹುಡುಗ ಮುಂದಾಗಿ "ಎರಡು ಕೊಡಿ" ಎಂದು ಹುಡುಗಿಯ ಟಿಕೆಟ್ಟನ್ನೂ ತೆಗೆಯುವುದು ನಮ್ಮ ಕಾಲದ ಕಥೆಗಳಲ್ಲಿ ಪ್ರೀತಿಯ ಮೊದಲ ಮೆಟ್ಟಿಲು. ಬರೆದು ಮುಗಿಸಿದ ಮೇಲೆ ನೆನಪಾಯಿತು: 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಂದಿನಿಂದ ನಮ್ಮ ರಾಜ್ಯದ ಹುಡುಗಿ ಸಿಟಿ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿ ಶೂನ್ಯ ಮೊತ್ತದ ಟಿಕೆಟ್ ಪಡೆಯುತ್ತಾಳೆ. ಅವಳ ಪರವಾಗಿ ಹಣ ಕೊಡುವ ಅವಕಾಶವೇ ಅವನಿಗಿಲ್ಲ. ದೃಶ್ಯವನ್ನು ತಿರುಗಿಸಿದೆ. ಕಾರ್ತಿಕನ ಮೊಬೈಲಿನಲ್ಲಿ ಚಾರ್ಜ್ ಇಲ್ಲ, ಜೇಬಿನಲ್ಲಿ ಚಿಲ್ಲರೆಯಿಲ್ಲ. ಸಿಂಚನಾ ತನ್ನ ಸೊನ್ನೆಯ ಟಿಕೆಟ್ಟನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಅವನದಕ್ಕೆ ದುಡ್ಡು ಕೊಡುತ್ತಾಳೆ. ಮೊದಲಿನದಕ್ಕಿಂತ ಇದು ನನಗೆ ಎಷ್ಟೋ ಇಷ್ಟವಾಯಿತು.

ಇಡೀ ಕಾದಂಬರಿಗೆ ನಗುವನ್ನು ತಂದುಕೊಟ್ಟದ್ದು ಮಾತ್ರ ನಾಲ್ಕು ಇಂಗ್ಲಿಷ್ ಅಕ್ಷರಗಳು. ಇಂದಿನ ಹುಡುಗರು ವಾಟ್ಸಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೆಚ್ಚಾಗಿ ಬರೆಯುತ್ತಾರೆ, ಆಗ ನಮ್ಮ ದೀರ್ಘಗಳೂ ಳಕಾರವೂ ಮಾಯವಾಗುತ್ತವೆ. ಬಿ, ಎ, ಎಲ್, ಇ ಎಂದು ಬರೆದರೆ ಅದು ಬಳೆಯೂ ಹೌದು, ಬಾಳೆಯೂ ಹೌದು, ಬಲೆಯೂ ಹೌದು. ಗೌರಿ ಹಬ್ಬದ ಹಿಂದಿನ ದಿನ ಪಿ.ಜಿ. ಮನೆಯ ಆಂಟಿ ಬಾಗಿನದ ಮೊರಗಳನ್ನು ಜೋಡಿಸುತ್ತಿದ್ದಾರೆ; ಅರಿಸಿನ, ಕುಂಕುಮ, ಬಿಚ್ಚೋಲೆ, ಬೆಲ್ಲದಚ್ಚು ಎಲ್ಲವೂ ಬಂದಿದ್ದು ಬಳೆ ಮಾತ್ರ ಸಾಲದಾಗಿದೆ. ಸಂಜೆಯವರೆಗೆ ಪರೀಕ್ಷೆಯಿರುವ ಸಿಂಚನಾ, ಹಣ್ಣು ಕೊಂಡಾಗ ಉಳಿಸಿಕೊಂಡಿದ್ದ ನಂಬರಿಗೆ "ಎರಡು ಡಜನ್ ಬಲೆ ಬೇಕಿತ್ತು, ತಂದುಕೊಡಕ್ಕಾಗುತ್ತಾ?" ಎಂದು ಸಂದೇಶ ಕಳಿಸುತ್ತಾಳೆ. ಮಾರ್ಕೆಟ್ಟಿನಲ್ಲಿ ಬಳೆಯೂ ಡಜನ್ ಲೆಕ್ಕ, ಬಾಳೆಹಣ್ಣೂ ಡಜನ್ ಲೆಕ್ಕ. "ದೊಡ್ಡದಾ, ಚಿಕ್ಕದಾ?" ಎಂದು ಅವನು ಕೇಳುತ್ತಾನೆ. "ಚಿಕ್ಕದು ಸಾಕು, ಹಸಿರಾಗಿರಲಿ." ಹಣ್ಣಿನಂಗಡಿಯ ಹುಡುಗನಿಗೆ ಇದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣುವುದಿಲ್ಲ, ಗಣೇಶನ ಹಬ್ಬ ಮುಗಿಯುವವರೆಗೂ ಕೆಡದಿರಲೆಂದು ದೋರೆಗಾಯಿ ಕೇಳಿದ್ದಾಳೆ ಎಂದುಕೊಂಡು, ಒಳ್ಳೆಯ ಏಲಕ್ಕಿ ಬಾಳೆಯ ಚಿಪ್ಪುಗಳನ್ನು ತಾನೇ ಆರಿಸಿ, ಮೇಲೊಂದಿಷ್ಟು ಮೈಸೂರು ಮಲ್ಲಿಗೆಯನ್ನೂ ಇಟ್ಟು, ರಾತ್ರಿ ಎಂಟು ಗಂಟೆಗೆ ಬಾಗಿಲಲ್ಲಿ ನಿಲ್ಲುತ್ತಾನೆ.

ಈ ಸಂದೇಶಗಳನ್ನು ಪುಸ್ತಕದಲ್ಲಿ ಹೇಗೆ ಮುದ್ರಿಸುವುದೆಂಬ ಚಿಂತೆ ನನ್ನನ್ನು ಬಹಳ ದಿನ ಕಾಡಿತು. ಸರಿಯಾಗಿ "ಬಳೆ" ಎಂದು ಬರೆದರೆ ಕಾರ್ತಿಕ್ ಪೆದ್ದನಂತೆ ಕಾಣುತ್ತಾನೆ, "ಬಾಳೆ" ಎಂದರೆ ಸಿಂಚನಾ. ಕೊನೆಗೆ ಇಬ್ಬರೂ ಉದ್ದೇಶಿಸದ "ಬಲೆ" ಎಂಬ ರೂಪವನ್ನೇ ಅಚ್ಚಿಗೆ ಕೊಟ್ಟೆ, ಇಬ್ಬರ ಮರ್ಯಾದೆಯೂ ಉಳಿಯಿತು. ನಾಯಕಿಯನ್ನು ಮೊದಲು ಧಾರವಾಡದವಳನ್ನಾಗಿ ಮಾಡಿದ್ದೆ. ಆದರೆ ಅಲ್ಲಿಯವಳಾದರೆ "ಬಳಿ" ಎನ್ನುತ್ತಾಳೆ, "ಮನಿ" ಎನ್ನುತ್ತಾಳೆ. ಆ ಮಾತು ನನ್ನ ಕಿವಿಗೆ ಚೆನ್ನ, ನಾಲಗೆಗೆ ಒಗ್ಗಿಲ್ಲ. ಆದ್ದರಿಂದ ಅವಳನ್ನು ತಿಪಟೂರಿಗೆ ಕರೆತಂದೆ.

ಕನ್ನಡದಲ್ಲಿ ಪ್ರೇಮಕಥೆ ಬರೆಯುವವರಿಗೆ ಒಂದು ದೊಡ್ಡ ಐಶ್ವರ್ಯವಿದೆ ಎಂಬುದು ಈ ಕೆಲಸದಲ್ಲಿ ನನಗೆ ಮನದಟ್ಟಾಯಿತು. ಅದು ನೀವು ಮತ್ತು ನೀನು. ಒಂದೇ ತರಗತಿಯವರಾಗಿದ್ದರೆ ಸಿಂಚನಾ ಮತ್ತು ಕಾರ್ತಿಕ್ ಎರಡನೆಯ ದಿನವೇ ಏಕವಚನಕ್ಕಿಳಿಯುತ್ತಿದ್ದರು. ಅಂಗಡಿಯವನು ಮತ್ತು ಗಿರಾಕಿ ಎಂದು ಪರಿಚಯವಾದ್ದರಿಂದ "ಬನ್ನಿ", "ತಗೊಳ್ಳಿ", "ಹೌದು ಕಣ್ರೀ" ಎಂದೇ ಅವರ ಮಾತು ಸಾಗುತ್ತದೆ. ಗೆಳೆತನ ಬೆಳೆದ ಮೇಲೂ ಯಾರು ಮೊದಲು ಬಹುವಚನ ಬಿಡಬೇಕೆಂದು ತಿಳಿಯದೆ ಇಬ್ಬರೂ ಅದನ್ನೇ ಹಿಡಿದುಕೊಂಡಿರುತ್ತಾರೆ. "ನಾನು ನಿಮ್ಮನ್ನು ಪ್ರೀತಿಸುತ್ತೇನೆ" ಎಂಬ ವಾಕ್ಯವನ್ನು ನಮ್ಮ ಊರಿನ ಹುಡುಗ ಬಾಯಿಬಿಟ್ಟು ಹೇಳಿದರೆ ಸಿನಿಮಾ ಸಂಭಾಷಣೆಯಂತೆ ಕೇಳಿಸುತ್ತದೆ. ಅದರ ಬದಲು ಒಂದೇ ಒಂದು ಕ್ರಿಯಾಪದದ ಕೊನೆ ಬದಲಾದರೆ ಸಾಕೆಂದು ನಿರ್ಧರಿಸಿದೆ. ಪೆನ್ಸಿಲ್ ಹಿಡಿದು ಇಡೀ ಹಸ್ತಪ್ರತಿಯನ್ನು ಓದಿ, ಕಾರ್ತಿಕ್ ಅವಳಿಗೆ ಆಡಿದ ಪ್ರತಿಯೊಂದು ಮಾತಿನ ಬಹುವಚನವನ್ನೂ ಗುರುತು ಹಾಕಿ ಖಚಿತಪಡಿಸಿಕೊಂಡೆ. ಎಲ್ಲಿಯಾದರೂ ಒಂದು "ಬಾ" ನುಸುಳಿದ್ದರೆ ಕೊನೆಯ ದೃಶ್ಯ ನಿಲ್ಲುತ್ತಿರಲಿಲ್ಲ.

ಆ ದೃಶ್ಯವನ್ನು ದೀಪಾಲಂಕಾರದ ಅರಮನೆಯ ಮುಂದೆ ಇಡಲಿಲ್ಲ. ಅಷ್ಟೊಂದು ಬೆಳಕಿನಲ್ಲಿ ಇಬ್ಬರ ಮುಖ ಯಾರಿಗೂ ಕಾಣುವುದಿಲ್ಲ. ಹತ್ತಿರದ ಸಿಟಿ ಬಸ್ ನಿಲ್ದಾಣವನ್ನು ಆರಿಸಿದೆ. ದಸರೆಯ ನೂಕುನುಗ್ಗಲಿನಲ್ಲಿ ಸಿಂಚನಾ ತಪ್ಪು ಬಸ್ಸು ಹತ್ತುತ್ತಾಳೆ. ಕೆಳಗಿನಿಂದ ಅವನು ಗಾಬರಿಯಲ್ಲಿ ಕೂಗುತ್ತಾನೆ: "ಸಿಂಚನಾ, ಅದಲ್ಲ, ಇಳಿ!"

ಅವಳು ಇಳಿದು ಬಂದು ಕೇಳುತ್ತಾಳೆ, "ಈಗ ಏನಂದ್ರಿ?"

"ಇಳೀರಿ ಅಂದೆ."

"ಅಲ್ಲ. ಇಳಿ ಅಂದ್ರಿ."

ಕರಡಚ್ಚು ತಿದ್ದಿ ಬಂದಾಗ ಈ ಪುಟ ತೆರೆದು ನನ್ನ ಎದೆ ಧಸಕ್ಕೆಂದಿತು. ಅವನ ಕೂಗು "ಇಳೀರಿ!" ಎಂದಾಗಿತ್ತು. ಉಳಿದ ಪುಟಗಳಲ್ಲೆಲ್ಲಾ ಬಹುವಚನವಿರುವಾಗ ಇಲ್ಲೊಂದು ತಪ್ಪು ನುಸುಳಿದೆಯೆಂದು ಭಾವಿಸಿ, ಕರಡು ತಿದ್ದುವವರು ಬಹಳ ಶ್ರದ್ಧೆಯಿಂದ ಅದನ್ನು ಸರಿಪಡಿಸಿದ್ದರು. ಕೂಡಲೇ ಫೋನ್ ಮಾಡಿ, ಮುಂದಿನ ಎರಡು ಸಾಲುಗಳನ್ನು ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಹಾಳೆ ತಿರುವುವ ಸದ್ದು ಮಾತ್ರ ಕೇಳಿಸಿತು.

"ಓ, ಅವನಿಗೆ ಬಾಯಿತಪ್ಪಿ ಬಂದುಬಿಡ್ತು ಅಲ್ವಾ ಮೇಡಂ?" ಎಂದರು.

ಹೌದು ಎಂದೆ.